ಕೈಯಳತೆಯ ಹಾಟ್ ಏರ್ ಗನ್: ಕೊಳ್ಳುವವರು ಪದೇ ಪದೇ ಕೇಳುವ ಪ್ರಶ್ನೆಗಳು

ಮೊಬೈಲ್ ಬೋರ್ಡ್, ಡ್ರೋನ್, ಎಲ್‌ಇಡಿ ಡ್ರೈವರ್, ಕಾಲೇಜಿನ ಪ್ರಾಜೆಕ್ಟ್, ಕೆಲಸ ಯಾವುದೇ ಇರಲಿ, ಬಿಸಿ ಗಾಳಿ ಊದಿ ಬೆಸುಗೆ ಕರಗಿಸುವ ಹಾಟ್ ಏರ್ ಗನ್ನನ್ನು ಮೊದಲ ಸಲ ಕೊಳ್ಳಲು ಹೊರಟವರ ಗೊಂದಲಗಳು ಹೆಚ್ಚು ಕಡಿಮೆ ಒಂದೇ. ಪತ್ರಗಳಲ್ಲಿ, ಮಾತುಕತೆಯಲ್ಲಿ ಮತ್ತೆ ಮತ್ತೆ ಎದುರಾದ ಪ್ರಶ್ನೆಗಳನ್ನು ಕೇಳಿದವರ ಮಾತಿನಲ್ಲೇ ಇಲ್ಲಿ ಕೊಟ್ಟಿದ್ದೇನೆ. ಎಲ್ಲ ತಾಪಮಾನಗಳೂ ಸೆಲ್ಸಿಯಸ್‌ನಲ್ಲಿವೆ.

## ಮೊದಲಿಗೆ

ನನ್ನ ಬಳಿ ಒಳ್ಳೆಯ ಸೋಲ್ಡರಿಂಗ್ ಐರನ್ ಇದೆ. ಹಾಟ್ ಏರ್ ಗನ್ ಬೇರೆ ಬೇಕೇ?

ಬೋರ್ಡಿನ ತೂತಿನಲ್ಲಿ ಕಾಲು ತೂರಿಸಿ ಬೆಸೆಯುವ ಭಾಗಗಳೇ ನಿಮ್ಮ ಕೆಲಸವಾಗಿದ್ದರೆ ಬೇಡ. ಮೇಲ್ಮೈಯಲ್ಲಿ ಕೂರುವ ಸಣ್ಣ ರೆಸಿಸ್ಟರ್, ಕೆಪಾಸಿಟರ್‌ಗಳನ್ನೂ ಐರನ್ನಿನಿಂದಲೇ ಚೆನ್ನಾಗಿ ಹಾಕಬಹುದು. ಬಿಸಿ ಗಾಳಿ ಬೇಕಾಗುವುದು ಹಲವು ಬೆಸುಗೆಗಳು ಒಮ್ಮೆಲೇ ಕರಗಬೇಕಾದಾಗ: ನಾಲ್ಕೂ ಬದಿಗೆ ಕಾಲುಗಳಿರುವ ಐಸಿ ಕೀಳುವಾಗ, ಹೊಟ್ಟೆಯಡಿ ಲೋಹದ ಪಟ್ಟಿ ಇರುವ ಕ್ಯೂಎಫ್‌ಎನ್ ಬಗೆಯ ಐಸಿ ಕೂರಿಸುವಾಗ, ಮೊಬೈಲಿನ ಚಾರ್ಜಿಂಗ್ ಸಾಕೆಟ್ ಬದಲಿಸುವಾಗ. ಈ ಕೆಲಸಗಳನ್ನು ಐರನ್ನಿನಿಂದ ಮಾಡಲು ಹೋದರೆ ಬೋರ್ಡಿನ ತಾಮ್ರದ ಪಟ್ಟಿಯೇ ಎದ್ದು ಬರುತ್ತದೆ.

ಮನೆಯಲ್ಲಿ ಪೇಂಟ್ ಕೀಳುವ 1800 ವ್ಯಾಟಿನ ಹೀಟ್ ಗನ್ ಇದೆ. ಅದೇ ಸಾಲದೇ?

ಸಾಲದು, ಸರಿಯಾಗಿ ಹೇಳುವುದಾದರೆ ಅದು ತೀರಾ ಅತಿಯಾಯಿತು. ಅಂಥ ಗನ್ನುಗಳು ನಿಮಿಷಕ್ಕೆ 250ರಿಂದ 500 ಲೀಟರ್ ಗಾಳಿ ಊದುತ್ತವೆ, ಮೂತಿಯ ಅಗಲ ಮೂರು ಸೆಂಟಿಮೀಟರಿನಷ್ಟಿರುತ್ತದೆ. ಒಂದು ಐಸಿ ತೆಗೆಯಲು ಹೋದರೆ ಸುತ್ತಲಿನ ಹತ್ತಾರು ಭಾಗಗಳು ಜೊತೆಗೇ ಜಾರುತ್ತವೆ. ಕೆಟ್ಟ ಬೋರ್ಡುಗಳಿಂದ ಬಿಡಿಭಾಗ ಕಿತ್ತು ಕೂಡಿಡುವವರಿಗೆ ಮಾತ್ರ ಅದು ಉಪಯುಕ್ತ: ಇಡೀ ಬೋರ್ಡನ್ನು ಕಾಯಿಸಿ ಒಮ್ಮೆ ಕುಟ್ಟಿದರೆ ಎಲ್ಲವೂ ಉದುರುತ್ತವೆ.

ಹೇರ್ ಡ್ರೈಯರ್ ನಡೆಯುತ್ತದೆಯೇ?

ಇಲ್ಲ. ತಲೆಗೂದಲು ಸುಡದಂತೆ ಮಾಡಿದ ಯಂತ್ರ ಬೆಸುಗೆ ಕರಗಿಸುವಷ್ಟು ಬಿಸಿಯಾಗುವುದಿಲ್ಲ. ಬೋರ್ಡ್ ತೊಳೆದ ಮೇಲೆ ಒಣಗಿಸಲು ಇಟ್ಟುಕೊಳ್ಳಿ.

858, 8858, 850 ಎಂದು ಏನೇನೋ ಸಂಖ್ಯೆಗಳಿವೆ. ಇವುಗಳಲ್ಲಿ ಏನು ವ್ಯತ್ಯಾಸ?

ಈ ಸಂಖ್ಯೆಗಳು ಈಗ ಒಂದೇ ಕಂಪನಿಗೆ ಸೇರಿದವಲ್ಲ. ಒಂದು ವಿನ್ಯಾಸವನ್ನು ಹತ್ತಾರು ಹೆಸರಿನಲ್ಲಿ ಮಾರುತ್ತಾರೆ. ಆದ್ದರಿಂದ ಹೆಸರಿಗಿಂತ ಗಾಳಿ ಎಲ್ಲಿಂದ ಬರುತ್ತದೆ ಎಂಬುದನ್ನು ನೋಡಿ.

850 ಬಗೆಯಲ್ಲಿ ಮೇಜಿನ ಮೇಲಿನ ಪೆಟ್ಟಿಗೆಯೊಳಗೆ ಡಯಾಫ್ರಾಮ್ ಪಂಪ್ ಇರುತ್ತದೆ, ಗಾಳಿ ಕೊಳವೆಯ ಮೂಲಕ ಹಿಡಿಕೆಗೆ ಬರುತ್ತದೆ. 858 ಬಗೆಯಲ್ಲಿ ಪೆಟ್ಟಿಗೆಯಲ್ಲಿರುವುದು ನಿಯಂತ್ರಣ ಮಾತ್ರ. ಗಾಳಿ ಊದುವ ಫ್ಯಾನ್ ಹಿಡಿಕೆಯ ಹಿಂಬದಿಯಲ್ಲೇ ಇರುತ್ತದೆ. 8858 ಬಗೆಯಲ್ಲಿ ಫ್ಯಾನ್, ಹೀಟರ್, ಗುಂಡಿ, ಪರದೆ ಎಲ್ಲವೂ ಹಿಡಿಕೆಯಲ್ಲೇ ಅಡಗಿವೆ. ಕೈಯಳತೆಯದು ಎನ್ನುವಾಗ ಹೆಚ್ಚಿನವರ ಮನಸ್ಸಿನಲ್ಲಿರುವುದು ಈ ಕೊನೆಯದೇ.

ಪಂಪಿನದು ಒಲೆ ಊದುವ ಊದುಗೊಳವೆಯಂತೆ, ಫ್ಯಾನಿನದು ಬೀಸಣಿಗೆಯಂತೆ. ಮೊದಲನೆಯದರಲ್ಲಿ ಗಾಳಿ ಕಡಿಮೆ, ಒತ್ತಡ ಹೆಚ್ಚು. ಎರಡನೆಯದರಲ್ಲಿ ಗಾಳಿ ಹೆಚ್ಚು, ಒತ್ತಡ ಕಡಿಮೆ. ಪಂಪಿನ ಗಾಳಿ ಮಿಡಿಯುತ್ತದೆ, ಮೇಜೂ ನಡುಗುತ್ತದೆ. ಫ್ಯಾನಿನ ಗಾಳಿ ಸಮವಾಗಿರುತ್ತದೆ, ಆದರೆ ಕಿರಿದಾದ ನಾಜಲ್ (ಮೂತಿಗೆ ಸಿಕ್ಕಿಸುವ ತುದಿ) ಹಾಕಿದ ಕೂಡಲೇ ಸೊರಗುತ್ತದೆ. ದಿನವಿಡೀ ರಿಪೇರಿ ಮಾಡುವವರು ಕ್ವಿಕ್ 861ಡಿಡಬ್ಲ್ಯೂ ಥರದ 1000 ವ್ಯಾಟಿನ ಸ್ಟೇಷನ್ನಿಗೆ ಹೋಗುವುದು ನ್ಯಾಯ. ವಾರಕ್ಕೆರಡು ಬಾರಿ ಗನ್ ಮುಟ್ಟುವವರಿಗೆ, ಮೇಜಿನ ಮೇಲೆ ಜಾಗವಿಲ್ಲದವರಿಗೆ 8858 ಬಗೆಯೇ ಸಾಕು.

## ಕೊಳ್ಳುವಾಗ

ಒಂದರಲ್ಲಿ 450 ಡಿಗ್ರಿ, ಇನ್ನೊಂದರಲ್ಲಿ 500 ಡಿಗ್ರಿ ಎಂದು ಬರೆದಿದೆ. ಹೆಚ್ಚು ಇರುವುದನ್ನೇ ಕೊಳ್ಳಬೇಕಲ್ಲವೇ?

ಆ ಸಂಖ್ಯೆಯನ್ನು ನೋಡಿ ಯಾರೂ ಗನ್ ಕೊಳ್ಳಬಾರದು. ತವರ ಮತ್ತು ಸೀಸ 63:37 ಪ್ರಮಾಣದಲ್ಲಿರುವ ಬೆಸುಗೆ ಕರಗುವುದು 183 ಡಿಗ್ರಿಯಲ್ಲಿ. ಇಂದಿನ ಬೋರ್ಡುಗಳಲ್ಲಿರುವ ಸೀಸರಹಿತ ಬೆಸುಗೆ 217ರಿಂದ 220 ಡಿಗ್ರಿಯಲ್ಲಿ ಕರಗುತ್ತದೆ. 400 ದಾಟಿಸುವ ಸಂದರ್ಭವೇ ಅಪರೂಪ. ಬೆಸುಗೆ ಕರಗಬೇಕಾದರೆ ತಾಪಮಾನದ ಜೊತೆಗೆ ಬೋರ್ಡಿಗೆ ತಲುಪುವ ಶಾಖದ ಮೊತ್ತವೂ ಸಾಕಷ್ಟಿರಬೇಕು.

ಇದಕ್ಕೊಂದು ಸುಲಭದ ಲೆಕ್ಕವಿದೆ. ನಿಮಿಷಕ್ಕೆ ಒಂದು ಲೀಟರ್ ಹರಿಯುವ ಗಾಳಿಯನ್ನು 100 ಡಿಗ್ರಿ ಏರಿಸಲು ಸುಮಾರು 2 ವ್ಯಾಟ್ ಬೇಕು. ಪೆಟ್ಟಿಗೆಯ ಮೇಲೆ 650 ವ್ಯಾಟ್, 480 ಡಿಗ್ರಿ, ನಿಮಿಷಕ್ಕೆ 120 ಲೀಟರ್ ಎಂದು ಬರೆದಿದೆ ಎಂದುಕೊಳ್ಳಿ. ಕೋಣೆಯ ಗಾಳಿ 30 ಡಿಗ್ರಿ ಇದ್ದರೆ 450 ಡಿಗ್ರಿ ಏರಬೇಕು: 120 × 4.5 × 2, ಅಂದರೆ 1080 ವ್ಯಾಟ್. ಇರುವುದು 650. ಹಾಗಾಗಿ ಪೂರ್ತಿ ಗಾಳಿ ಬಿಟ್ಟಾಗ ಆ ಗನ್ 300 ಡಿಗ್ರಿಯ ಆಸುಪಾಸಿನಲ್ಲೇ ನಿಲ್ಲುತ್ತದೆ. ಮೂರೂ ಸಂಖ್ಯೆಗಳು ಬಿಡಿಬಿಡಿಯಾಗಿ ನಿಜವಿರಬಹುದು, ಒಟ್ಟಿಗೆ ನಿಜವಾಗಲು ಸಾಧ್ಯವಿಲ್ಲ. ಅದೇ ಗನ್ನನ್ನು 60 ಲೀಟರಿಗೆ ಇಳಿಸಿ 350 ಡಿಗ್ರಿಗೆ ಇಟ್ಟರೆ 400 ವ್ಯಾಟಿನ ಒಳಗೇ ಕೆಲಸ ಮುಗಿಯುತ್ತದೆ, ಹೀಟರ್ ಆರಾಮವಾಗಿರುತ್ತದೆ.

ಪೆಟ್ಟಿಗೆ ನೋಡುವಾಗ ಈ ಗುಣಾಕಾರವನ್ನು ಮಾಡಿ. ವ್ಯಾಟ್ ಬರೆಯದೆ ಡಿಗ್ರಿ ಮಾತ್ರ ದಪ್ಪಕ್ಷರದಲ್ಲಿ ಬರೆದವರನ್ನು ಪಕ್ಕಕ್ಕಿಡಿ.

ಹಾಗಾದರೆ ನಾನು ಮುಖ್ಯವಾಗಿ ಯಾವುದನ್ನು ನೋಡಬೇಕು?

ಗಾಳಿಯನ್ನು ಎಷ್ಟು ಕಡಿಮೆ ಮಾಡಬಹುದು ಎಂಬುದನ್ನು. ಜೋರಾಗಿ ಊದುವುದು ಎಲ್ಲ ಗನ್ನಿಗೂ ಬರುತ್ತದೆ. ಒಂದೂವರೆ ಮಿಲಿಮೀಟರ್ ಉದ್ದದ 0603 ಕೆಪಾಸಿಟರನ್ನು ಹಾರಿಸದಂತೆ ಮೆಲ್ಲಗೆ, ಆದರೆ ಬಿಸಿ ತಪ್ಪದಂತೆ ಊದುವುದು ಕೆಲವಕ್ಕೆ ಮಾತ್ರ ಬರುತ್ತದೆ. ಅಗ್ಗದ ಫ್ಯಾನುಗಳು ಕನಿಷ್ಠ ಮಟ್ಟದಲ್ಲಿ ತಡವರಿಸುತ್ತವೆ: ಒಮ್ಮೆ ನಿಧಾನ, ಒಮ್ಮೆ ಜೋರು. ಅಂಗಡಿಯಲ್ಲಿ ಹೀಟರ್ ಬಿಸಿಯಾಗುವ ಮೊದಲೇ ಇದನ್ನು ಪರೀಕ್ಷಿಸಬಹುದು. ಗಾಳಿಯನ್ನು ಕನಿಷ್ಠಕ್ಕೆ ಇಟ್ಟು ಟಿಶ್ಯೂ ಕಾಗದದ ತೆಳು ಪಟ್ಟಿಯೊಂದನ್ನು ಮೂತಿಯ ಮುಂದೆ ಹಿಡಿಯಿರಿ. ಪಟ್ಟಿ ಒಂದೇ ಕೋನದಲ್ಲಿ ನಿಂತರೆ ಸರಿ. ತುಯ್ದಾಡಿದರೆ ಬೇರೆಯದನ್ನು ಕೇಳಿ.

ಗಾಳಿಯ ಗುಂಡಿ ಹೆಬ್ಬೆರಳಿಗೆ ಸಿಗುವಂತಿದೆಯೇ ಎಂಬುದನ್ನೂ ಗಮನಿಸಿ. ಬಲಗೈಯಲ್ಲಿ ಗನ್, ಎಡಗೈಯಲ್ಲಿ ಚಿಮಟ ಇರುವಾಗ ಮೂರನೆಯ ಕೈ ಇರುವುದಿಲ್ಲ.

ನಾಜಲ್‌ಗಳ ದೊಡ್ಡ ಸೆಟ್ ಕೊಳ್ಳಬೇಕೇ?

ಮೂರು ಸಾಕು: 5, 8 ಮತ್ತು 10 ಮಿಲಿಮೀಟರಿನ ದುಂಡು ಮೂತಿ. ನನ್ನ ಕೆಲಸದ ಬಹುಪಾಲು ಎಂಟರಲ್ಲೇ ಮುಗಿಯುತ್ತದೆ. ಐಸಿಯ ಆಕಾರಕ್ಕೆ ತಕ್ಕಂತೆ ಕತ್ತರಿಸಿದ ಚೌಕದ ನಾಜಲ್‌ಗಳು ನೋಡಲು ಚೆಂದ, ಆದರೆ ಹಿಡಿಕೆಯೊಳಗಿನ ಫ್ಯಾನಿಗೆ ಅವು ಭಾರ. ಮೂತಿ ಕಿರಿದಾದಷ್ಟೂ ಗಾಳಿಗೆ ತಡೆಯಾಗುತ್ತದೆ, ಶಾಖ ಹೀಟರಿನಲ್ಲೇ ಉಳಿದು ತಂತಿ ಬೇಗ ಸುಡುತ್ತದೆ. 858, 8858 ಬಗೆಯವು ಸಾಮಾನ್ಯವಾಗಿ 22 ಮಿಲಿಮೀಟರ್ ಕೊಳವೆಗೆ ಕೂರುವ ನಾಜಲ್ ಬಳಸುತ್ತವೆ. ಈ ಅಳತೆಯದಾದರೆ ಬಿಡಿ ನಾಜಲ್ ಸುಲಭವಾಗಿ ಸಿಗುತ್ತದೆ. ತನ್ನದೇ ವಿಚಿತ್ರ ಅಳತೆಯ ಗನ್ ಕೊಂಡರೆ ಅದರೊಂದಿಗೆ ಬಂದ ನಾಜಲ್‌ಗಳೇ ಗತಿ.

ಬ್ಯಾಟರಿಯಲ್ಲಿ ಅಥವಾ ಯುಎಸ್‌ಬಿ-ಸಿ ಚಾರ್ಜರಿನಲ್ಲಿ ನಡೆಯುವ ಗನ್ ಬಂದಿಲ್ಲವೇ? ಐರನ್ ಬಂದಿದೆಯಲ್ಲ.

ಐರನ್ ತನ್ನ ಶಾಖವನ್ನು ತುದಿಯಿಂದ ನೇರವಾಗಿ ಬೆಸುಗೆಗೆ ಮುಟ್ಟಿಸುತ್ತದೆ. 65 ವ್ಯಾಟ್ ಅದಕ್ಕೆ ಧಾರಾಳ. ಗಾಳಿಗೆ ಕೊಟ್ಟ ಶಾಖದ ಬಹುಪಾಲು ಕೋಣೆಗೆ ಹೋಗುತ್ತದೆ. ಮೇಲಿನ ಲೆಕ್ಕವನ್ನೇ ಹಾಕಿ ನೋಡಿ: 100 ವ್ಯಾಟಿನ ಚಾರ್ಜರಿನಿಂದ 350 ಡಿಗ್ರಿಯ ಗಾಳಿ ಬೇಕೆಂದರೆ ನಿಮಿಷಕ್ಕೆ 15 ಲೀಟರ್ ಸಿಕ್ಕೀತು. ತಂತಿಯ ಮೇಲೆ ಹಾಕಿ ಬಿಸಿಗೆ ಕುಗ್ಗಿಸುವ ಹೀಟ್ ಶ್ರಿಂಕ್ ಸ್ಲೀವ್‌ಗೆ ಸಾಕು, ಚಿಕ್ಕ ಬೋರ್ಡಿನ ಒಂದೆರಡು ಸಣ್ಣ ಭಾಗಕ್ಕೂ ಆದೀತು, ಅಷ್ಟೇ. ಯುಎಸ್‌ಬಿ-ಸಿಯ ಗರಿಷ್ಠ ಮಿತಿಯಾದ 240 ವ್ಯಾಟಿನಲ್ಲೂ 37 ಲೀಟರ್ ದಾಟದು. ಡ್ರಿಲ್ಲಿಗೆ ಹಾಕುವ 18 ವೋಲ್ಟ್, 5 ಆಂಪಿಯರ್-ಗಂಟೆಯ ಬ್ಯಾಟರಿಯಲ್ಲಿರುವುದು 90 ವ್ಯಾಟ್-ಗಂಟೆ. 300 ವ್ಯಾಟ್ ಎಳೆದರೆ 18 ನಿಮಿಷದಲ್ಲಿ ಖಾಲಿ. ಆ ಬ್ಯಾಟರಿಗಳಿಗೆಂದು ಬರುವ ಗನ್ನುಗಳ ಮೂತಿಯೂ ಬೋರ್ಡ್ ಕೆಲಸಕ್ಕೆ ದೊಡ್ಡದು.

ಗ್ಯಾಸಿನಲ್ಲಿ ಉರಿಯುವ ಪೆನ್ನಿನಂಥದ್ದು ಹೇಗೆ?

ಬ್ಯೂಟೇನ್ ತುಂಬುವ ಆ ಪೆನ್ನುಗಳಿಗೆ ಬಿಸಿ ಗಾಳಿಯ ತುದಿಯೂ ಸಿಗುತ್ತದೆ. ಕಂಬದ ಮೇಲೆ, ಹೊಲದ ಪಂಪ್‌ಸೆಟ್ಟಿನ ಬಳಿ, ಕರೆಂಟ್ ಇಲ್ಲದ ಕಡೆ ಸ್ಲೀವ್ ಕುಗ್ಗಿಸಲು ಅದಕ್ಕಿಂತ ಒಳ್ಳೆಯದಿಲ್ಲ. ಐಸಿ ಕೆಲಸಕ್ಕೆ ನಾನು ಶಿಫಾರಸು ಮಾಡುವುದಿಲ್ಲ. ತಾಪಮಾನ ಎಷ್ಟೆಂದು ತಿಳಿಯುವ ದಾರಿಯಿಲ್ಲ, ಹೊಗೆದ್ವಾರದ ಬಿಸಿ ಬೇರೆ ಕಡೆ ತಾಗಿ ಪಕ್ಕದ ತಂತಿಯನ್ನು ಸುಡುತ್ತದೆ.

ಎಸ್.ಪಿ. ರಸ್ತೆಗೆ ಹೋಗಲೇ, ಆನ್‌ಲೈನ್‌ನಲ್ಲಿ ತರಿಸಲೇ?

ಬೆಂಗಳೂರಿನಲ್ಲಿದ್ದರೆ ಎಲೆಕ್ಟ್ರಾನಿಕ್ಸ್ ಅಂಗಡಿಗಳಿರುವ ಎಸ್.ಪಿ. ರಸ್ತೆಗೆ ಹೋಗಿ. ದರದ ಕಾರಣಕ್ಕಲ್ಲ, ಗನ್ನನ್ನು ಪ್ಲಗ್ಗಿಗೆ ಹಾಕಿ ತೋರಿಸಿ ಎನ್ನಬಹುದು, ಬಿಡಿ ಹೀಟರ್ ಇದೆಯೇ ಎಂದು ಅಲ್ಲೇ ಕೇಳಬಹುದು. ಬಿಡಿ ಹೀಟರ್ ಇಡದ ಅಂಗಡಿಯಲ್ಲಿ ಗನ್ ಕೊಳ್ಳಬೇಡಿ. ಮೂರು–ನಾಲ್ಕು ಸಾವಿರ ರೂಪಾಯಿಯ ಆಸುಪಾಸಿನ ವಸ್ತುವಿಗೆ ಎರಡು ಅಂಗಡಿ ಸುತ್ತುವುದು ದಂಡವಲ್ಲ. ಬೇರೆ ಊರಿನವರು ಆನ್‌ಲೈನ್‌ನಲ್ಲಿ ತರಿಸಿದರೆ ವಾಪಸ್ ಕೊಡುವ ಅವಧಿಯೊಳಗೇ ಮುಂದಿನ ಪ್ರಶ್ನೆಯಲ್ಲಿರುವ ಪರೀಕ್ಷೆ ಮಾಡಿ ಮುಗಿಸಿ.

ಅಗ್ಗದ ಗನ್ನಿನಿಂದ ಶಾಕ್ ಹೊಡೆಯುತ್ತದೆ ಎನ್ನುತ್ತಾರೆ. ನಿಜವೇ?

ಹೊಡೆಯಬಹುದು. 230 ವೋಲ್ಟ್ ನೇರವಾಗಿ ಹಿಡಿಕೆಯೊಳಗಿನ ಹೀಟರ್ ತಂತಿಗೆ ಬರುತ್ತದೆ, ಆ ತಂತಿಗೂ ಹೊರಗಿನ ಲೋಹದ ಕೊಳವೆಗೂ ನಡುವೆ ಇರುವುದು ಮೈಕಾ ಹಾಳೆಯೊಂದೇ. ಮೈಕಾ ಸೀಳಿದರೆ ಕೊಳವೆಗೆ ಕರೆಂಟ್ ಬರುತ್ತದೆ. ಆ ಕೊಳವೆಗೆ ಅರ್ಥಿಂಗ್ ಇದ್ದರೆ ಮನೆಯ ಎಂಸಿಬಿ ಅಥವಾ ಆರ್‌ಸಿಸಿಬಿ ಸ್ವಿಚ್ ಬಿದ್ದು ಕರೆಂಟ್ ಕಡಿಯುತ್ತದೆ. ಇಲ್ಲದಿದ್ದರೆ ನಿಮ್ಮ ಕೈಗೇ.

ಪ್ಲಗ್ ಕಿತ್ತು, ಮಲ್ಟಿಮೀಟರನ್ನು ಓಮ್ಸ್‌ಗೆ ಇಟ್ಟು ಒಂದು ಕಡ್ಡಿಯನ್ನು ಪ್ಲಗ್ಗಿನ ದಪ್ಪ ಅರ್ಥ್ ಪಿನ್ನಿಗೆ, ಇನ್ನೊಂದನ್ನು ನಾಜಲ್ಲಿಗೆ ಮುಟ್ಟಿಸಿ. ಒಂದೆರಡು ಓಮ್ ತೋರಿಸಬೇಕು. ಏನೂ ತೋರಿಸದಿದ್ದರೆ ಗನ್ ವಾಪಸ್ ಕೊಡಿ. ಎರಡೇ ಪಿನ್ನಿನ ಪ್ಲಗ್ ಬಂದಿದ್ದರಂತೂ ಪರೀಕ್ಷೆಯೂ ಬೇಡ. ಸ್ವಿಚ್ಚು ಫೇಸಿನ ಬದಲು ನ್ಯೂಟ್ರಲ್ಲನ್ನು ಕತ್ತರಿಸುವಂತೆ ಜೋಡಿಸಿದ ಮಾಲೂ ಮಾರುಕಟ್ಟೆಯಲ್ಲಿ ಇದೆ. ಅಂಥದರಲ್ಲಿ ಗನ್ ಆಫ್ ಎಂದು ತೋರಿದರೂ ಒಳಗೆ ಫೇಸ್ ಜೀವಂತವಾಗಿರುತ್ತದೆ. ಕೆಲಸ ಮುಗಿದ ಮೇಲೆ ಗೋಡೆಯ ಸ್ವಿಚ್ಚನ್ನೂ ಆರಿಸುವ ಅಭ್ಯಾಸ ಇದಕ್ಕೇ. ಮನೆಯ ಸಾಕೆಟ್ಟಿನಲ್ಲೇ ಅರ್ಥಿಂಗ್ ಇಲ್ಲದಿದ್ದರೆ ಮೊದಲು ಎಲೆಕ್ಟ್ರಿಷಿಯನ್ ಕರೆಯಿರಿ, ಗನ್ ಆಮೇಲೆ.

## ಬಳಸುವಾಗ

ಎಷ್ಟು ಡಿಗ್ರಿ ಇಟ್ಟು ಶುರು ಮಾಡಲಿ?

8 ಮಿಲಿಮೀಟರ್ ನಾಜಲ್, ಬೋರ್ಡಿನಿಂದ ಒಂದೂವರೆ ಸೆಂಟಿಮೀಟರ್ ದೂರ, ಅರ್ಧಕ್ಕಿಂತ ತುಸು ಕಡಿಮೆ ಗಾಳಿ. ಸೀಸದ ಬೆಸುಗೆಗೆ 300ರಿಂದ 330, ಸೀಸರಹಿತಕ್ಕೆ 350ರಿಂದ 380. ಮೊದಲು ಅರ್ಧ ನಿಮಿಷ ಮೂತಿಯನ್ನು ದೂರ ಹಿಡಿದು ಸುತ್ತಲಿನ ಜಾಗವನ್ನೆಲ್ಲ ಹದವಾಗಿ ಕಾಯಿಸಿ, ಆಮೇಲೆ ಹತ್ತಿರ ತನ್ನಿ. ಮೂತಿ ಒಂದೇ ಕಡೆ ನಿಲ್ಲದೆ ಐಸಿಯ ಅಂಚಿನುದ್ದಕ್ಕೂ ಸುತ್ತುತ್ತಿರಬೇಕು. ಬೆಸುಗೆ ಕರಗಿತೆಂದು ತಿಳಿಯುವುದು ಹೊಳಪಿನಿಂದ: ಮಂಕಾಗಿದ್ದ ಕಾಲುಗಳ ಅಂಚು ಒಮ್ಮೆಲೇ ಕನ್ನಡಿಯಾಗುತ್ತದೆ. ಆಗ ಚಿಮಟದಿಂದ ಐಸಿಯನ್ನು ಕೂದಲೆಳೆಯಷ್ಟು ಪಕ್ಕಕ್ಕೆ ತಳ್ಳಿ. ಅದು ತಾನಾಗಿ ಮೊದಲಿನ ಜಾಗಕ್ಕೆ ಜಾರಿ ಬಂದರೆ ಎಲ್ಲ ಕಾಲೂ ಕರಗಿವೆ ಎಂದರ್ಥ. ಬರದಿದ್ದರೆ ಎಳೆಯಬೇಡಿ, ಇನ್ನಷ್ಟು ಕಾಯಿಸಿ.

ಫ್ಲಕ್ಸ್ (ಬೆಸುಗೆ ಸಲೀಸಾಗಿ ಹರಿಯಲು ಹಚ್ಚುವ ಲೇಪ) ಹಚ್ಚದೆ ಇದೆಲ್ಲ ಮಾಡಿದರೆ ಬೆಸುಗೆ ಹೊಳೆಯುವುದೂ ಇಲ್ಲ, ಜಾರುವುದೂ ಇಲ್ಲ.

ಎಷ್ಟು ಹೊತ್ತು ಕಾಯಿಸಿದರೂ ಕೆಲವೊಮ್ಮೆ ಕರಗುವುದೇ ಇಲ್ಲ. ಗನ್ ಕೆಟ್ಟಿದೆಯೇ?

ಮೊದಲು ತಲೆಯ ಮೇಲೆ ತಿರುಗುತ್ತಿರುವ ಸೀಲಿಂಗ್ ಫ್ಯಾನ್ ಆರಿಸಿ. ನಗಬೇಡಿ, ಈ ಪ್ರಶ್ನೆ ಕೇಳಿದವರಲ್ಲಿ ಅನೇಕರ ಸಮಸ್ಯೆ ಅಲ್ಲಿಗೇ ಮುಗಿದಿದೆ. ಬೋರ್ಡನ್ನು ಗ್ರಾನೈಟ್ ಕಟ್ಟೆ ಅಥವಾ ಲೋಹದ ತಟ್ಟೆಯ ಮೇಲೆ ಅಂಗಾತ ಇಟ್ಟಿದ್ದರೂ ಶಾಖವೆಲ್ಲ ಕೆಳಕ್ಕೆ ಇಳಿಯುತ್ತದೆ. ಟೈಲ್ಸ್ ತುಂಡಿನ ಮೇಲೆ ನಾಲ್ಕು ನಟ್ಟುಗಳನ್ನಿಟ್ಟು ಬೋರ್ಡನ್ನು ಎತ್ತರಿಸಿ. ಇಷ್ಟಾದರೂ ಕರಗದಿದ್ದರೆ ಮುಂದೆ ಬರುವ ಪ್ರೀಹೀಟರಿನ (ಬೋರ್ಡನ್ನು ಕೆಳಗಿನಿಂದ ಕಾಯಿಸುವ ಸಾಧನ) ಉತ್ತರ ನೋಡಿ.

ಐಸಿ ತೆಗೆಯುವಾಗ ಪಕ್ಕದ ಕನೆಕ್ಟರ್ ಕರಗಿಹೋಯಿತು. ಹೇಗೆ ತಪ್ಪಿಸಲಿ?

ಬಿಸಿ ತಾಳುವ ಕ್ಯಾಪ್ಟಾನ್ ಟೇಪ್ ಮಾತ್ರ ಸಾಲದು. ಅದು ತಾನು ಸುಡುವುದಿಲ್ಲ, ಗಾಳಿ ತಾಗದಂತೆ ತಡೆಯುತ್ತದೆ, ಆದರೆ ತೆಳ್ಳಗಿರುವುದರಿಂದ ಶಾಖ ದಾಟಿ ಬರುತ್ತದೆ. ಟೇಪಿನ ಮೇಲೆ ಅಡುಗೆಮನೆಯ ಅಲ್ಯೂಮಿನಿಯಂ ಫಾಯಿಲನ್ನು ಎರಡು ಪದರ ಮಡಚಿ ಹೊದಿಸಿ. ಎಲೆಕ್ಟ್ರೋಲಿಟಿಕ್ ಕೆಪಾಸಿಟರ್‌ಗಳನ್ನು ಮೊದಲೇ ಕಿತ್ತಿಡುವುದು ಲೇಸು. ಅವುಗಳ ಮೇಲೆ ಬರೆದಿರುವ 105 ಡಿಗ್ರಿಯೇ ಅವು ತಾಳುವ ಕೆಲಸದ ಮಿತಿ. ತೂತಿರುವ ಮೈಕ್ರೊಫೋನ್, ಒತ್ತಡದ ಸೆನ್ಸರ್‌ಗಳ ಬಾಯಿಗೆ ಟೇಪ್ ಹಾಕಿ. ಲಿಥಿಯಂ ಬ್ಯಾಟರಿಯನ್ನು ಬಿಚ್ಚಿ ಮೇಜಿನಿಂದಲೇ ಆಚೆ ಇಡಬೇಕು, ಇದಕ್ಕೆ ರಿಯಾಯಿತಿ ಇಲ್ಲ.

ಕೆಲಸದ ನಡುವೆ ಕರೆಂಟ್ ಹೋದರೆ ಗನ್ನಿಗೆ ಏನಾಗುತ್ತದೆ? ಇನ್ವರ್ಟರ್‌ಗೆ ಹಾಕಬಹುದೇ?

ಒಳ್ಳೆಯ ಗನ್ನನ್ನು ಸ್ಟ್ಯಾಂಡಿಗೆ ಇಟ್ಟ ಕೂಡಲೇ ಹೀಟರ್ ಆರಿ, ಫ್ಯಾನ್ ಮಾತ್ರ ತಿರುಗಿ, ತಾಪಮಾನ 100 ಡಿಗ್ರಿಗಿಂತ ಕೆಳಗಿಳಿದ ಮೇಲೆ ನಿಲ್ಲುತ್ತದೆ. ಸ್ಟ್ಯಾಂಡಿನಲ್ಲಿ ಅಡಗಿರುವ ಆಯಸ್ಕಾಂತ, ಹಿಡಿಕೆಯಲ್ಲಿರುವ ರೀಡ್ ಸ್ವಿಚ್ ಸೇರಿ ಮಾಡುವ ಕೆಲಸ ಅದು. (ಸ್ಕ್ರೂ ಹಿಡಿಯುವ ಆಯಸ್ಕಾಂತದ ಚಾಪೆಯ ಮೇಲೆ ಗನ್ ಹಿಡಿದರೆ ಕೆಲಸದ ನಡುವೆಯೇ ಮಲಗಿಬಿಡುವುದೂ ಇದರಿಂದಲೇ.) ಕರೆಂಟ್ ಹೋದಾಗ ಈ ತಣಿಸುವ ಗಾಳಿ ಇಲ್ಲ. ಹೀಟರಿನ ಶಾಖ ಹಿಂದಕ್ಕೆ ಹರಿದು ಫ್ಯಾನಿನ ಪ್ಲಾಸ್ಟಿಕ್ಕನ್ನು ಮೆತ್ತಗೆ ಮಾಡುತ್ತದೆ. ಮೂತಿಯನ್ನು ಮೇಲ್ಮುಖವಾಗಿ ಹಿಡಿಯಿರಿ. ಬಿಸಿ ಗಾಳಿ ತಾನಾಗಿ ಮೇಲೇರಿ ಹೊರಹೋಗುತ್ತದೆ.

12 ವೋಲ್ಟಿನ ಮನೆ ಇನ್ವರ್ಟರ್ ಮೇಲೆ 650 ವ್ಯಾಟ್ ಹೇರಿದರೆ ಬ್ಯಾಟರಿಯಿಂದ 60 ಆಂಪಿಯರ್‌ಗೂ ಹೆಚ್ಚು ಎಳೆದಂತೆ. ಗನ್ ತಣಿಯುವವರೆಗೆ ಫ್ಯಾನ್ ತಿರುಗಲು ಇನ್ವರ್ಟರ್ ಇರಲಿ, ಕೆಲಸ ಮುಂದುವರಿಸಲು ಬೇಡ.

ಹೊಗೆ ಅಪಾಯಕಾರಿಯೇ?

ಕಾಣುವ ಹೊಗೆ ಫ್ಲಕ್ಸಿನದು. ಈ ತಾಪಮಾನದಲ್ಲಿ ಸೀಸ ಆವಿಯಾಗುವುದಿಲ್ಲ. ಆದರೂ ರಾಳದ ಫ್ಲಕ್ಸಿನ ಹೊಗೆ ಆಸ್ತಮಾ ತರಬಲ್ಲದು. ಬೋರ್ಡಿಗೆ ಗಾಳಿ ತಾಗದಂತೆ, ಹೊಗೆಯನ್ನು ಕಿಟಕಿಯತ್ತ ಎಳೆಯುವಂತೆ ಎಗ್ಸಾಸ್ಟ್ ಫ್ಯಾನ್ ಇಡಿ. ಸೀಸ ಮೈ ಸೇರುವುದು ಬೆರಳಿನ ಮೂಲಕ, ಹಾಗಾಗಿ ಊಟಕ್ಕೆ ಮುನ್ನ ಸೋಪಿನಲ್ಲಿ ಕೈ ತೊಳೆಯಿರಿ. ಹೊಸ ಗನ್ ಮೊದಲ ಕೆಲವು ನಿಮಿಷ ಸುಟ್ಟ ವಾಸನೆ ಬೀರುವುದು ಸಹಜ.

## ಕೈ ಪಳಗಿದ ಮೇಲೆ

ಲ್ಯಾಪ್‌ಟಾಪ್ ಮದರ್‌ಬೋರ್ಡಿನಲ್ಲಿ ಚಿಕ್ಕ ಗನ್ ಸೋಲುತ್ತದೆ. ದೊಡ್ಡದು ಕೊಳ್ಳಲೇ?

ಪ್ರೀಹೀಟರ್ ಕೊಳ್ಳಿ. ಅಂಥ ಬೋರ್ಡುಗಳ ಒಳಪದರಗಳಲ್ಲಿ ಅಗಲವಾದ ತಾಮ್ರದ ಹಾಳೆಗಳಿವೆ. ಮೇಲಿನಿಂದ ಕೊಟ್ಟ ಶಾಖವನ್ನು ಅವು ಎಲ್ಲೆಡೆ ಹಂಚಿಬಿಡುತ್ತವೆ. ಗನ್ನಿನ ಡಿಗ್ರಿ ಏರಿಸಿದರೆ ಐಸಿಯ ಮೈ ಸುಟ್ಟೀತೇ ಹೊರತು ಕಾಲು ಕರಗದು. ಕೆಳಗಿನಿಂದ ಬೋರ್ಡನ್ನು 120ರಿಂದ 150 ಡಿಗ್ರಿಗೆ ತಂದು ನಿಲ್ಲಿಸಿದರೆ ಗನ್ ಏರಿಸಬೇಕಾದದ್ದು ಉಳಿದ 80–100 ಡಿಗ್ರಿ ಮಾತ್ರ. ಆಗ 650 ವ್ಯಾಟೇ ಸಾಕಾಗುತ್ತದೆ. ಗಾಜಿನ ನಾರಿನ ಸಾಧಾರಣ ಬೋರ್ಡು 130–140 ಡಿಗ್ರಿ ದಾಟಿದ ಮೇಲೆ ಮೆದುವಾಗುತ್ತದೆ, ಹಾಗಾಗಿ ಬಾಗದಂತೆ ಎರಡೂ ಬದಿ ಆಧಾರ ಕೊಡಿ.

ಈ ಗನ್ನಿನಲ್ಲಿ ಬಿಜಿಎ ಮಾಡಬಹುದೇ?

ಬಿಜಿಎ ಎಂದರೆ ಕಾಲುಗಳ ಬದಲು ಹೊಟ್ಟೆಯಡಿ ಬೆಸುಗೆಯ ಗುಂಡುಗಳಿರುವ ಚಿಪ್. ಬೆರಳುಗುರಿನಷ್ಟು ಚಿಕ್ಕದನ್ನು ಮಾಡಬಹುದು; ಮೊಬೈಲ್ ರಿಪೇರಿ ಅಂಗಡಿಗಳಲ್ಲಿ ದಿನವೂ ಮಾಡುತ್ತಾರೆ. ದೊಡ್ಡ ಗ್ರಾಫಿಕ್ಸ್ ಚಿಪ್ಪಿಗೆ ಕೈ ಹಾಕಬೇಡಿ. ನಾಲ್ಕು ಮೂಲೆಗಳೂ ನಡುವೂ ಒಂದೇ ಬಿಸಿಗೆ ಬರಬೇಕು, ಕೈಯಲ್ಲಿ ಹಿಡಿದ ಮೂತಿಯಿಂದ ಅದು ಆಗದು.

ಕಾಯಿಸುವಾಗ ಐಸಿ ಟಪ್ ಎಂದು ಉಬ್ಬಿತು. ಏಕೆ?

ಐಸಿಯ ಪ್ಲಾಸ್ಟಿಕ್ ಮೈ ಗಾಳಿಯ ತೇವ ಹೀರುತ್ತದೆ. ಗನ್ ತಾಗಿದಾಗ ಆ ನೀರು ಥಟ್ಟನೆ ಆವಿಯಾಗಿ ಒಳಪದರ ಸೀಳುತ್ತದೆ. ಮಲೆನಾಡು, ಕರಾವಳಿಯವರಿಗೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇದು ಹೆಚ್ಚಿನ ಕಾಟ. ಹೊಸ ಐಸಿಗಳನ್ನು ಸಿಲಿಕಾ ಜೆಲ್ ಜೊತೆ ಗಾಳಿಯಾಡದ ಡಬ್ಬಿಯಲ್ಲಿಡಿ. ತೇವ ಹೀರಿದ ಬಿಡಿ ಐಸಿಯನ್ನು 125 ಡಿಗ್ರಿಯಲ್ಲಿ ಹಲವು ಗಂಟೆ ಒಣಗಿಸುವುದು ವಾಡಿಕೆ, ಆದರೆ ಅಡುಗೆಯ ಓವನ್ನಿನಲ್ಲಿ ಅಲ್ಲ.

ಪರದೆಯ ಮೇಲಿನ ತಾಪಮಾನವನ್ನು ನಂಬಬಹುದೇ?

ಅದು ಹೀಟರಿನ ಬಳಿಯ ಥರ್ಮೋಕಪಲ್ಲಿನ (ತಾಪಮಾನ ಅಳೆಯುವ ತಂತಿಜೋಡಿ) ಅಳತೆ, ನಿಮ್ಮ ಬೋರ್ಡಿನದಲ್ಲ. ನಾಜಲ್ ಬದಲಾದರೆ, ದೂರ ಬದಲಾದರೆ ಬೋರ್ಡಿಗೆ ತಲುಪುವುದೂ ಬದಲಾಗುತ್ತದೆ. ಅಗ್ಗದ ಪರೀಕ್ಷೆಯೆಂದರೆ 63:37ರ ಬೆಸುಗೆ ತಂತಿ. ಗಾಳಿಯ ಮಟ್ಟ ಬದಲಿಸದೆ, ಮೂತಿಯಿಂದ ಒಂದು ಸೆಂಟಿಮೀಟರ್ ದೂರದಲ್ಲಿ ತಂತಿ ಹಿಡಿದು, 10 ಡಿಗ್ರಿಯಂತೆ ಏರಿಸುತ್ತ ಬನ್ನಿ. ತಂತಿಯ ತುದಿ ಗುಂಡಾಗಿ ಸುರುಟಿಕೊಂಡ ಕ್ಷಣ ಅಲ್ಲಿನ ಗಾಳಿ ಕಡಿಮೆಯೆಂದರೂ 183 ಡಿಗ್ರಿ. ಆಗ ಪರದೆ 240 ತೋರಿಸುತ್ತಿದ್ದರೆ ಆ ಅಂತರವನ್ನು ಹಿಡಿಕೆಯ ಮೇಲೆ ಬರೆದು ಅಂಟಿಸಿ.

ಹೀಟರ್ ಸುಟ್ಟಿದೆ. ನಾನೇ ಬದಲಿಸಬಹುದೇ?

ಬದಲಿಸಬಹುದು. ಸುಟ್ಟಿದೆಯೇ ಎಂದು ಮೊದಲು ಅಳೆಯಿರಿ: 230 ವೋಲ್ಟಿನ 650 ವ್ಯಾಟ್ ಹೀಟರ್ ಸುಮಾರು 80 ಓಮ್ ತೋರಿಸಬೇಕು. ಹೊಸದನ್ನು ತರಿಸುವಾಗಲೂ ಇದೇ ಅಳತೆ ನೋಡಿ. ನೋಟಕ್ಕೆ ಹಾಗೆಯೇ ಇರುವ 110 ವೋಲ್ಟಿನ ಹೀಟರ್‌ಗಳೂ ಮಾರಾಟದಲ್ಲಿವೆ. ಅವು 19 ಓಮ್‌ನ ಆಸುಪಾಸು. ನಮ್ಮ ಕರೆಂಟಿಗೆ ಹಾಕಿದರೆ ನಾಲ್ಕು ಪಟ್ಟಿಗೂ ಮೀರಿದ ವಿದ್ಯುತ್ ಹರಿದು ಕ್ಷಣದಲ್ಲಿ ಸುಡುತ್ತದೆ.

ಹಳೆಯ ತಂತಿಗಳನ್ನು ಬಿಡಿಸುವ ಮೊದಲು ಫೋಟೋ ತೆಗೆದುಕೊಳ್ಳಿ. ಥರ್ಮೋಕಪಲ್ಲಿನ ಎರಡು ತಂತಿ ಅದಲು ಬದಲಾದರೆ, ಗನ್ ಬಿಸಿಯಾದಷ್ಟೂ ಪರದೆಯ ಸಂಖ್ಯೆ ಇಳಿಯುತ್ತದೆ. ನಿಯಂತ್ರಣ ಇನ್ನೂ ಹೆಚ್ಚು ವಿದ್ಯುತ್ ಕೊಡುತ್ತ ಹೋಗುತ್ತದೆ. ಜೋಡಿಸಿದ ಮೇಲೆ ಮೊದಲ ಸಲ 150 ಡಿಗ್ರಿಗೆ ಇಟ್ಟು, ಗೋಡೆಯ ಸ್ವಿಚ್ಚಿನ ಮೇಲೆ ಕೈಯಿಟ್ಟುಕೊಂಡೇ ಪರದೆ ನೋಡಿ. ಸಂಖ್ಯೆ ಏರದೆ ಇಳಿಯತೊಡಗಿದರೆ ತಕ್ಷಣ ಆರಿಸಿ, ಆ ಎರಡು ತಂತಿಗಳನ್ನು ಅದಲು ಬದಲು ಮಾಡಿ.